ಬೇವಿನೆಲೆಯೂ ಉಳಿದ ಮಾತ್ರೆಗಳೂ

ನಂದೂರ, ಕಮಲಾಪುರ ಮೊದಲಾದ ನಮ್ಮ ಸೀಮೆಯ ಊರುಗಳಲ್ಲಿ ಬೇವಿನ ಮರವಿಲ್ಲದ ಓಣಿ ವಿರಳ. ಹುಣ್ಣಿಗೆ ಬೇವು, ಗಾಯಕ್ಕೆ ಅರಿಶಿನವೆಂದು ಅಜ್ಜಿಯರು ನಡೆಸಿಕೊಂಡು ಬಂದ ಮನೆಮದ್ದನ್ನು ಇಂದಿನ ವಿಜ್ಞಾನವು ಪುನಃ ಆದರದಿಂದ ನೋಡುತ್ತಿರುವುದು ಸಂತೋಷದ ವಿಷಯವೇ ಸರಿ. ಆದರೆ ಆ ಆದರವನ್ನು ಅಪಾರ್ಥಮಾಡಿಕೊಂಡು ಮಕ್ಕಳನ್ನು ಅಪಾಯಕ್ಕೆ ಗುರಿಮಾಡುವುದು ಸಲ್ಲದೆಂಬುದು ನಮ್ಮ ಅಭಿಪ್ರಾಯ.

ಮದ್ದಿಗೆ ಮಣಿಯದ ರೋಗಾಣುಗಳ ಹಾವಳಿ ಹೊಸದಲ್ಲ. ಪೆನಿಸಿಲಿನ್ನನ್ನು 1928ರಲ್ಲಿ ಕಂಡುಹಿಡಿದ ಫ್ಲೆಮಿಂಗ್ ಮಹಾಶಯರೇ, ಸಾಲದ ಪ್ರಮಾಣದಲ್ಲಿ ಔಷಧ ಸೇವಿಸಿದರೆ ರೋಗಾಣುವು ಅದನ್ನು ಎದುರಿಸಲು ಕಲಿಯುವುದೆಂದು 1945ರ ನೊಬೆಲ್ ಭಾಷಣದಲ್ಲಿ ಎಚ್ಚರಿಸಿದ್ದರು. ಕುಷ್ಠರೋಗದ ಚರಿತ್ರೆಯನ್ನು ನೋಡಿರಿ. ಮಿಶನ್ ಆಸ್ಪತ್ರೆಗಳಲ್ಲಿ ಒಂದು ಕಾಲಕ್ಕೆ ರೋಗಿಗಳಿಗೆ ಗರುಡಫಲದ ಎಣ್ಣೆಯನ್ನು ಚುಚ್ಚುತ್ತಿದ್ದರು. ಫಲ ಅಲ್ಪ, ನೋವು ಬಹಳ. 1940ರ ದಶಕದಲ್ಲಿ ಡ್ಯಾಪ್ಸೋನ್ ಬಂದಿತು. 1964ರಲ್ಲಿ ಅದಕ್ಕೂ ಬಗ್ಗದ ರೋಗಾಣು ಕಾಣಿಸಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹಲವು ಮದ್ದುಗಳನ್ನು ಕೂಡಿಸಿ ಕೊಡತಕ್ಕದ್ದೆಂದು ಸೂಚಿಸಿತು.

ಕೂಡಿಸಿ ಹೋರಾಡುವ ಈ ಯುಕ್ತಿಯನ್ನು ಗಿಡಗಳು ಮೊದಲಿನಿಂದಲೂ ಬಲ್ಲವು. ದಾರುಹರಿದ್ರದ ಕುಲದ ಗಿಡಗಳಲ್ಲಿ ಬರ್ಬೆರಿನ್ ಎಂಬ ಹಳದಿ ದ್ರವ್ಯವುಂಟು. ಕೀವನ್ನುಂಟುಮಾಡುವ ಸ್ಟ್ಯಾಫಿಲೊಕಾಕಸ್ ರೋಗಾಣುವು ತನ್ನೊಳಗೆ ಹೊಕ್ಕ ಬರ್ಬೆರಿನನ್ನು, ಬಾವಿಯ ನೀರೆತ್ತುವ ಪಂಪಿನಂತೆ, ಹೊರಚೆಲ್ಲಿ ಬದುಕಿಕೊಳ್ಳುವುದು. ಆದರೆ ಇಂತಹ ಕೆಲವು ಗಿಡಗಳು ಮತ್ತೊಂದು ದ್ರವ್ಯವನ್ನೂ ತಯಾರಿಸುವುವೆಂದು ಅಮೆರಿಕೆಯ ವಿದ್ವಾಂಸರು 2000ರಲ್ಲಿ ತೋರಿಸಿಕೊಟ್ಟರು. ಅದು ತಾನಾಗಿ ರೋಗಾಣುವನ್ನು ಕೊಲ್ಲದು. ಆ ಪಂಪನ್ನು ಮಾತ್ರ ಕಟ್ಟಿಹಾಕುವುದು. ಆಗ ಬರ್ಬೆರಿನ್ ಒಳಗೇ ನಿಂತು ತನ್ನ ಕೆಲಸವನ್ನು ಪೂರೈಸುವುದು. (ಆ ದ್ರವ್ಯದ ಹೆಸರಿನಲ್ಲಿ ಗರುಡಫಲದ ಲ್ಯಾಟಿನ್ ಹೆಸರೇ ಅಡಗಿರುವುದೊಂದು ಸೋಜಿಗ.) ಸಂಶೋಧನೆಯು ಹಿಡಿಯತಕ್ಕ ದಾರಿ ಇದೇ ಎಂದು ನಮಗೆ ತೋರುವುದು. 1980ರಲ್ಲಿ ಸ್ಥಾಪಿತವಾದ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರಗಳೆರಡರ ವಿಭಾಗಗಳೂ ಇರುವುದರಿಂದ ನಮ್ಮ ಹುಡುಗಿಯರು ಈ ವಿದ್ಯೆಗಾಗಿ ದೂರ ಹೋಗಬೇಕಾಗಿಯೂ ಇಲ್ಲ.

ಆದರೆ ಗಾಜಿನ ತಟ್ಟೆಯಲ್ಲಿ ಸತ್ತ ರೋಗಾಣು ಮನುಷ್ಯನ ರಕ್ತದಲ್ಲಿಯೂ ಸಾಯುವುದೆಂದು ನಂಬಲಾಗದು. ಅರಿಶಿನದ ಕರ್ಕುಮಿನ್ ಹೊಟ್ಟೆಯಿಂದ ರಕ್ತಕ್ಕೆ ಸೇರುವುದೇ ಅತ್ಯಲ್ಪ. ಬೇವಿನೆಣ್ಣೆ ಕುಡಿಸಿದ್ದರಿಂದ ಎಳೆಗೂಸುಗಳಿಗೆ ವಿಷವೇರಿದ ಪ್ರಸಂಗಗಳು ವೈದ್ಯರ ದಾಖಲೆಗಳಲ್ಲಿವೆ.

ಕೆಲವು ಪ್ರತಿಜೈವಿಕ ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದು, ಮಾರಿದುದನ್ನು ಬೇರೆ ಪುಸ್ತಕದಲ್ಲಿ ಬರೆದಿಡಬೇಕು ಎಂಬ ನಿಯಮವು 2014ರ ಮಾರ್ಚ್ ತಿಂಗಳಿಂದ ಜಾರಿಯಲ್ಲಿದೆ. ಅದು ಅಂಗಡಿಯವನನ್ನು ತಡೆದೀತು. ಮನೆಯ ಕಪಾಟಿನವರೆಗೆ ಬಾರದು. ಆದುದರಿಂದ, ತಾಯಂದಿರಾದ ಹಳೆಯ ವಿದ್ಯಾರ್ಥಿನಿಯರೇ, ಹೋದ ಸಲ ಉಳಿದ ನಾಲ್ಕು ಮಾತ್ರೆಗಳನ್ನು ಈ ಸಲದ ಜ್ವರಕ್ಕೆ ಕೊಡುವುದನ್ನು ಬಿಡಿರಿ. ಜೊತೆಗೆ ಕಷಾಯವನ್ನೂ ಕುಡಿಸುತ್ತಿದ್ದರೆ ವೈದ್ಯರಿಗೆ ಮುಚ್ಚಿಡದೆ ತಿಳಿಸಿರಿ.