ಸೂಜಿ ಮಾಡೂಕಿಂತ ಮೊದ್ಲ ಒಂದ್ ಮಾತು ಕೇಳ್ರಿ ಡಾಕ್ಟ್ರ...

ಗೆಳೆಯರೆ, ಬಹಳ ದಿನದಿಂದ ಹೊಟ್ಟೆಯೊಳಗೇ ಕುದಿಯುತ್ತಿದ್ದ ವಿಷಯ ಇದು. ಸ್ವಲ್ಪ ಖಾರ ಇದೆ. ನಮ್ಮ ಬ್ಲಾಗು ಬಳಗದಲ್ಲಿರೋ ಡಾಕ್ಟರುಗಳು ಬೈಯಬಹುದು. ಬೈಯಿರಿ, ಆದರೆ ಪೂರ್ತಿ ಓದಿ ಬೈಯಿರಿ.

ನಮ್ಮ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ಕಡೆ ದವಾಖಾನೆಯೊಳಗಿನ ಮಾತುಕತೆ ಸಾಮಾನ್ಯವಾಗಿ ಇಷ್ಟೇ:

"ಏನಾಗೇತಿ?"
"ಜ್ವರ ಬಂದಾವ್ರಿ."
"ಎಷ್ಟ ದಿನಾ ಆತು?"
"ನಾಕೈದು ದಿನಾ ಆತ್ರಿ. ಒಂದ್ ಸೂಜಿ ಮಾಡ್ರಿ ಸಾಹೇಬ್ರ."

ಮುಗೀತು. ಸೂಜಿ, ಮೂರು ಬಣ್ಣದ ಗುಳಿಗೆ, "ಮುಂದಿನವ್ರು ಬರ್ರಿ".

ಇದನ್ನ ಹೇಳಿದರೆ ಓದಿದವರು ತಕ್ಷಣ ಕೊಡೋ ಉತ್ತರ ಗೊತ್ತಲ್ಲ? "ನಮ್ಮ ಜನಕ್ಕೆ ತಿಳುವಳಿಕೆ ಇಲ್ಲ ರೀ, ಸೂಜಿ ಮಾಡದಿದ್ರೆ ಬೇರೆ ಡಾಕ್ಟರ ಹತ್ರ ಹೋಗ್ತಾರೆ." ಅರ್ಧ ನಿಜ. ಇನ್ನರ್ಧ ಏನು ಅನ್ನೋದನ್ನ ನಮ್ಮ ಮನೆಯ ಕಥೆಯಿಂದಲೇ ಹೇಳ್ತೀನಿ.

ನಮ್ಮ ಕಾಕಾ ಹಳಿಯಾಳದ ಹತ್ತಿರದ ಹಳ್ಳಿಯವರು. ಹೊಲದ ಬದುವಿಗೇ ಕಾಡು. ಮಳೆ ಮುಗಿದ ಮೇಲೆ, ಭತ್ತ ಕೊಯ್ಲಿಗೆ ಬರೋ ಹೊತ್ತಿಗೆ ಜ್ವರ ಬಂತು. ಮೊದಲ ದಿನ ಸೂಜಿ. ಮೂರನೇ ದಿನ ಮತ್ತೆ ಸೂಜಿ. ನಾಲ್ಕನೇ ದಿನ ರಕ್ತ ಪರೀಕ್ಷೆ ಮಾಡಿ "ಟೈಫಾಯ್ಡ್" ಅಂದರು, ಸಲೈನ್ ಹಚ್ಚಿದರು. ನಾನು ದೂರದ ಊರಿನಿಂದ ಫೋನ್ ಮಾಡಿ ಏನಂದೆ ಗೊತ್ತೆ? "ಡಾಕ್ಟ್ರು ಹೇಳಿದಂಗ ಕೇಳ್ರಿ ಕಾಕಾ." ಅಷ್ಟೇ. ಇಷ್ಟು ಓದಿದ ನಾನೂ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ.

ಏಳನೇ ದಿನ ಉಸಿರು ಮೇಲೆ ಕೆಳಗೆ ಆಗತೊಡಗಿತು. ಧಾರವಾಡ ದಾಟಿ ಹುಬ್ಬಳ್ಳಿಗೆ ಒಯ್ದರು. ಅಲ್ಲಿ ಒಬ್ಬ ಎಳೇ ಡಾಕ್ಟರ್ ಅಂಗಿ ಬಿಚ್ಚಿಸಿ, ಕೈ ಎತ್ತಿಸಿ ನೋಡಿದರು. ಕಂಕುಳಲ್ಲಿ ಬೀಡಿ ಚುಚ್ಚಿದಂಥ ಒಂದು ಕರೀ ಹಕ್ಕಳೆ. "ಇದು ಯಾವಾಗಿಂದ?" ಅಂದರು. ಕಾಕು ಹೇಳಿದಳಂತೆ: "ಜ್ವರಾ ಬರೂಕಿಂತ ಮೊದ್ಲ ಆಗೇತ್ರಿ. ಎರಕೊಳ್ಳುವಾಗ ನೋಡೇನಿ. ಯಾರೂ ಕೇಳಲಿಲ್ರಿ, ಹೇಳಲಿಲ್ಲ."

ಅದು ಸ್ಕ್ರಬ್ ಟೈಫಸ್. ಪೊದೆ-ಹುಲ್ಲಿನಲ್ಲಿರೋ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿ ಬರೋ ಜ್ವರ. ಕಚ್ಚಿದ ಜಾಗ ನೋಯೋದಿಲ್ಲ. ಹೆಚ್ಚಾಗಿ ಕಂಕುಳು, ತೊಡೆಸಂದಿ, ಸೊಂಟದ ಹತ್ತಿರ ಹಕ್ಕಳೆ ಕಟ್ಟುತ್ತೆ (ಎಲ್ಲರಿಗೂ ಕಾಣೋದಿಲ್ಲ ಅನ್ನೋದೂ ನಿಜ). ಔಷಧಿ ಡಾಕ್ಸಿಸೈಕ್ಲಿನ್, ತೀರಾ ಅಗ್ಗದ ಗುಳಿಗೆ. ಬೇಗ ಕೊಟ್ಟರೆ ಸಾಮಾನ್ಯವಾಗಿ ಎರಡು ದಿನದಲ್ಲಿ ಜ್ವರ ಇಳಿಯುತ್ತೆ. ಟೈಫಾಯ್ಡಿಗೆ ಅಂತ ಹಾಕೋ ದುಬಾರಿ ಸೆಫ್ಟ್ರಿಯಾಕ್ಸೋನ್ ಸೂಜಿ ಇದಕ್ಕೆ ನಾಟೋದೇ ಇಲ್ಲ. ಇನ್ನು ಒಂದೇ ಸಲ ಮಾಡಿದ ವಿಡಾಲ್ ಟೆಸ್ಟು ನೋಡಿ ಟೈಫಾಯ್ಡ್ ಅಂತ ತೀರ್ಮಾನಿಸುವ ಹಾಗಿಲ್ಲ ಅನ್ನೋದು ವೈದ್ಯರಿಗೆ ಹೊಸ ವಿಷಯವೇನಲ್ಲ.

ಕಾಕಾ ಬದುಕಿ ಬಂದರು. ಮನೆಯಿಂದ ಒಂದು ಜೋಡಿ ಎತ್ತು ಹೋದವು.

ನನ್ನ ಜಗಳ ಇರೋದು ಇಲ್ಲೇ. ಉತ್ತರ ಕಾಕುವಿನ ಹತ್ತಿರ ಮೊದಲ ದಿನದಿಂದಲೂ ಇತ್ತು. ಯಾವ ಮಶೀನೂ ಬೇಕಿರಲಿಲ್ಲ. ಬೇಕಿದ್ದದ್ದು ಎರಡು ಪ್ರಶ್ನೆ, ಒಂದು ಅಂಗಿ ಬಿಚ್ಚಿಸೋ ತಾಳ್ಮೆ.

ನಮ್ಮ ಭಾಗದಲ್ಲಿ "ಜ್ವರ" ಅನ್ನೋದು ಕಾಯಿಲೆಯ ಹೆಸರಲ್ಲ. ಕಾಡಿಗೆ ಹೋಗಿ ಬಂದವರಿಗೆ, ಉಣ್ಣಿ ಕಚ್ಚಿಸಿಕೊಂಡವರಿಗೆ ಬರೋ ಜ್ವರ ಮಂಗನ ಕಾಯಿಲೆ ಇರಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅದು ಪತ್ತೆಯಾಗಿದ್ದೇ ಮಂಗಗಳು ಸತ್ತು ಬೀಳುತ್ತಿದ್ದವು ಅನ್ನೋ ಸುಳಿವಿನಿಂದ. 2024ರಲ್ಲಿ ನಮ್ಮದೇ ಜಿಲ್ಲೆಯ ಸಿದ್ದಾಪುರದಲ್ಲಿ ಮತ್ತೆ ಕಾಡಿತು. ಗದ್ದೆಯ ನೀರಲ್ಲಿ ಬರಿಗಾಲಲ್ಲಿ ನಿಂತವರಿಗೆ ಮೀನಖಂಡ ಹಿಡಿದುಕೊಂಡು, ಕಣ್ಣು ಕೆಂಪಾಗಿ ಬಂದರೆ ಇಲಿಜ್ವರ ಇರಬಹುದು. ಗೋವಾಕ್ಕೆ ಗಾರೆ ಕೆಲಸಕ್ಕೆ ಹೋಗಿ ಬಂದವರಿಗಾದರೆ ಮಲೇರಿಯಾ ನೋಡಲೇಬೇಕು. ಎರಡು ವಾರ ದಾಟಿದ ಕೆಮ್ಮು ಜೊತೆಗಿದ್ದರೆ ಕಫ ಪರೀಕ್ಷೆ, ಕ್ಷಯವೇನೋ ಅಂತ. ಎಲ್ಲವೂ "ಜ್ವರ ಬಂದಾವ್ರಿ" ಅಂತಲೇ ಬಾಗಿಲಿಗೆ ಬರುತ್ತವೆ. ಬೇರೆ ಬೇರೆ ಮಾಡೋ ಮೊದಲ ಟೆಸ್ಟು ರೋಗಿಯ ಮಾತು.

ಸೂಜಿಯದ್ದೂ ಹೇಳಿಬಿಡ್ತೀನಿ. ಜ್ವರಕ್ಕೆ, ಮೈಕೈ ನೋವಿಗೆ ಅಂತ ಚುಚ್ಚೋ ಸೂಜಿ ಎಷ್ಟೋ ಸಲ ಡೈಕ್ಲೋಫೆನಾಕ್. ಡೆಂಗಿ ಅಥವಾ ಮಂಗನ ಕಾಯಿಲೆಯಲ್ಲಿ ಅದು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತೆ. ಅಂದರೆ ಕೇಳದೆ ಚುಚ್ಚಿದ ಸೂಜಿ ಉಪಯೋಗಕ್ಕೆ ಬಾರದ್ದು ಮಾತ್ರವಲ್ಲ, ಅಪಾಯ ತರುವಂಥದ್ದೂ ಆಗಬಹುದು.

"ನೂರು ಜನ ಸಾಲಲ್ಲಿ ನಿಂತಿರ್ತಾರೆ, ಕಥೆ ಕೇಳ್ತಾ ಕೂರೋಕಾಗುತ್ತಾ?" ನ್ಯಾಯವಾದ ಮಾತೇ. 67 ದೇಶಗಳ ಲೆಕ್ಕ ನೋಡಿದ 2017ರ ಒಂದು ಅಧ್ಯಯನದ ಪ್ರಕಾರ ಸ್ವೀಡನ್ನಿನ ಡಾಕ್ಟರು ಒಬ್ಬ ರೋಗಿಗೆ ಸರಾಸರಿ ಇಪ್ಪತ್ತೆರಡೂವರೆ ನಿಮಿಷ ಕೊಡ್ತಾರೆ, ನಮ್ಮಲ್ಲಿ ಎರಡು ನಿಮಿಷ. ಆದರೆ ಸಮಯ ಇದ್ದಲ್ಲೂ ಕೇಳ್ತಾರೆ ಅಂತಿಲ್ಲ. ರೋಗಿ ಬಾಯಿ ತೆರೆದ ಸರಾಸರಿ 18 ಸೆಕೆಂಡಿಗೆ ಡಾಕ್ಟರು ಮಾತು ತುಂಡು ಮಾಡ್ತಾರೆ ಅಂತ ಅಮೆರಿಕದಲ್ಲಿ 1984ರಲ್ಲೇ ಲೆಕ್ಕ ಹಾಕಿದ್ದರು! ಅದಕ್ಕೂ ಬಹಳ ಹಿಂದೆ, 1700ರಲ್ಲಿ, ಇಟಲಿಯ ರಾಮಾಝಿನಿ ಅನ್ನೋ ವೈದ್ಯ ರೋಗಿಯನ್ನು "ನೀನು ಏನು ಕೆಲಸ ಮಾಡ್ತೀಯ?" ಅಂತ ಕೇಳಲೇಬೇಕು ಅಂತ ಬರೆದಿಟ್ಟ. ಪೇಪರ್ ಮಿಲ್ಲಿನ ದಾಂಡೇಲಿಯಲ್ಲಿ, ಕಾಡು-ಗದ್ದೆಯ ಜೋಯಿಡಾದಲ್ಲಿ ಆ ಪ್ರಶ್ನೆ ಇವತ್ತಿಗೂ ಬೇಕು.

ನಮ್ಮ ಕಡೆ ಇನ್ನೊಂದು ತೊಡಕು ಭಾಷೆಯದ್ದು. ಸಿದ್ದಿಗಳ, ಕುಣಬಿಗಳ ಮನೆಮಾತು ಕೊಂಕಣಿ. ಗೌಳಿಗಳದ್ದು ಮರಾಠಿಯಂಥ ಮಾತು. ಮುಂಡಗೋಡದ ಕ್ಯಾಂಪಿನ ಹಿರಿಯರದ್ದು ಟಿಬೆಟನ್. ಬೇರೆ ಜಿಲ್ಲೆಯಿಂದ ಬಂದ ಡಾಕ್ಟರಿಗೆ ನಮ್ಮ ಹಳಿಯಾಳದ ಕನ್ನಡವೇ ಅರ್ಧ ತಿಳಿಯೋದಿಲ್ಲ. ಹಾಗಾಗಿ ಜೊತೆಗೆ ಬಂದ ಪ್ಯಾಂಟು ಹಾಕಿದವನೇ ಎಲ್ಲಾ ಹೇಳಿಬಿಡ್ತಾನೆ, ರೋಗಿ ಸುಮ್ಮನೆ ಕೂತಿರುತ್ತೆ. ಆ ಪ್ಯಾಂಟು ಹಾಕಿದವರು ನಾವೇ ಸ್ವಾಮಿ, ಈ ಬ್ಲಾಗು ಓದೋರು!

ಆದ್ದರಿಂದ ಡಾಕ್ಟರು ಬದಲಾಗೋವರೆಗೆ ಕಾಯೋದು ಬೇಡ. ಊರಿಂದ ಫೋನ್ ಬಂದಾಗ "ಡಾಕ್ಟ್ರು ಹೇಳಿದಂಗ ಕೇಳ್ರಿ" ಅನ್ನೋದು ಬಿಟ್ಟು ಇಷ್ಟು ಕೇಳಿ, ಒಂದು ಚೀಟಿಯಲ್ಲಿ ಬರೆಸಿ ಕಳಿಸಿ:

1. ಯಾವ ದಿನ ಶುರುವಾಯ್ತು? "ನಾಕೈದು" ಬೇಡ. ಸಂತೆ ದಿನದಿಂದಲೋ ಅಮಾಸೆಯಿಂದಲೋ ಎಣಿಸಿ. ಬಿಟ್ಟು ಬರುತ್ತೋ, ಹಿಡಿದೇ ಇದೆಯೋ?
2. ಹಿಂದಿನ ಮೂರು ವಾರದಲ್ಲಿ ಎಲ್ಲೆಲ್ಲಿ ಹೋಗಿದ್ದರು, ಏನು ಕೆಲಸ? ಊರ ಹತ್ತಿರ ಮಂಗ ಸತ್ತಿದೆಯಾ?
3. ಮೈಮೇಲೆ ಹಕ್ಕಳೆ, ಗುಳ್ಳೆ, ಉಣ್ಣಿ ಕಚ್ಚಿದ ಗುರುತು? ನಾಚಿಕೆ ಬಿಟ್ಟು ತೋರಿಸಲಿ.
4. ಈಗಾಗಲೇ ಏನೇನು ತೆಗೆದುಕೊಂಡಿದ್ದಾರೆ? ಗುಳಿಗೆಯ ಖಾಲಿ ಚೀಟಿ ಚೀಲದಲ್ಲಿರಲಿ. ನಾಟಿ ಔಷಧಿಯನ್ನೂ ಮುಚ್ಚಿಡಬೇಡಿ.
5. ಬಿಪಿ, ಶುಗರ್, ಬಸುರಿ, ಯಾವುದಾದರೂ ಔಷಧಿ ಆಗಿಬರೋದಿಲ್ವಾ?
6. ಏಳುವ ಮುಂಚೆ ಡಾಕ್ಟರಿಗೆ: "ಏನಂತ ಅನುಮಾನ ಐತ್ರಿ? ಈ ಸೂಜಿ ಯಾತಕ್ಕ? ಏನಾದ್ರ ಲಗೂನ ವಾಪಸ್ ಬರಬೇಕು?"

ಉಸಿರು ಕಟ್ಟುವುದು, ಮಾತು ತೊದಲುವುದು, ರಕ್ತ ಬರುವುದು, ಮೂತ್ರ ನಿಲ್ಲುವುದು, ಇವು ಕಂಡರೆ ಮಾತ್ರ ಚೀಟಿ ಗೀಟಿ ಬೇಡ, 108ಕ್ಕೆ ಫೋನ್ ಮಾಡಿ.

ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅಂತ 2019ರಲ್ಲೂ 2022ರಲ್ಲೂ ಅಂತರ್ಜಾಲದ ತುಂಬ ಕೂಗೆದ್ದಿತ್ತು. ನಾನೂ ಕೂಗಿದವನೇ. ಬೇಕು, ಖಂಡಿತ ಬೇಕು. ಆದರೆ ಐದು ಅಂತಸ್ತಿನ ಕಟ್ಟಡದಲ್ಲೂ "ಏನಾಗೇತಿ, ಎಷ್ಟ ದಿನಾ, ಮುಂದಿನವ್ರು" ಇಷ್ಟೇ ಆದರೆ ಕಾಕುವಿನ ಮಾತು ಅಲ್ಲೂ ಅವಳ ಬಾಯಲ್ಲೇ ಉಳಿಯುತ್ತೆ.

ಡಾಕ್ಟರೇ, ಎರಡು ನಿಮಿಷವೇ ಇರಲಿ. ಅದರಲ್ಲಿ ಒಂದು ನಿಮಿಷ ಸುಮ್ಮನಿದ್ದು ಕೇಳಿ. ಗೆಳೆಯರೆ, ಆ ಒಂದು ನಿಮಿಷಕ್ಕೆ ನಿಮ್ಮ ಮನೆಯವರನ್ನ ತಯಾರು ಮಾಡಿ ಕಳಿಸಿ.

ಏನಂತೀರಿ?