ಸಾಕುನಾಯಿಗಳ ಡೇ ಕೇರ್: ಸಮಯದ ಬೆಲೆ ತೆರುವವರು ಯಾರು?

ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ ಬೀದಿನಾಯಿಗಳ ಕುರಿತು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 11 ಮತ್ತು 22ರಂದು ನೀಡಿದ ಎರಡು ಆದೇಶಗಳು ದೇಶದಾದ್ಯಂತ ಬಿಸಿ ಚರ್ಚೆಗೆ ಕಾರಣವಾದವು. ಎಲ್ಲ ನಾಯಿಗಳನ್ನೂ ಆಶ್ರಯತಾಣಗಳಿಗೆ ಸಾಗಿಸಬೇಕೆಂದು ಮೊದಲ ಆದೇಶ ಹೇಳಿತು. ಸಂತಾನಶಕ್ತಿಹರಣ ಮಾಡಿ ಲಸಿಕೆ ಹಾಕಿದ ನಾಯಿಗಳನ್ನು ಹಿಡಿದ ಜಾಗಕ್ಕೇ ಬಿಡಬಹುದೆಂದು ಎರಡನೆಯದು ಅದನ್ನು ತಿದ್ದಿತು. ಬೀದಿಯ ನಾಯಿಯ ಬಗೆಗೆ ಇಷ್ಟೆಲ್ಲ ಮಾತು ನಡೆದಾಗ ಮನೆಯೊಳಗಿನ ನಾಯಿಯ ಪ್ರಶ್ನೆ ಯಾರ ಗಮನಕ್ಕೂ ಬರಲಿಲ್ಲ. ಆ ಪ್ರಶ್ನೆಯೂ ಸಾರ್ವಜನಿಕ ಮಹತ್ವದ್ದೇ ಎಂಬುದು ನನ್ನ ವಾದ.

ಬೆಂಗಳೂರಿನ ವೈಟ್‌ಫೀಲ್ಡ್, ಸರ್ಜಾಪುರ ರಸ್ತೆ, ಎಚ್‌ಎಸ್‌ಆರ್ ಬಡಾವಣೆಗಳಲ್ಲಿ ಬೆಳಿಗ್ಗೆ ಎಂಟರ ಹೊತ್ತಿಗೆ ಕಾರಿನ ಹಿಂದಿನ ಸೀಟಿನಲ್ಲಿ ಎರಡು-ಮೂರು ನಾಯಿಗಳನ್ನು ಕೂರಿಸಿಕೊಂಡು ಹೊರಡುವ ಉದ್ಯೋಗಸ್ಥರು ಈಗ ಅಪರೂಪವಲ್ಲ. ನಾಯಿಗಳನ್ನು ಡೇ ಕೇರ್‌ಗೆ ಬಿಟ್ಟು ಅವರು ಕಚೇರಿಗೆ ಹೋಗುತ್ತಾರೆ, ಸಂಜೆ ಮರಳಿ ಕರೆತರುತ್ತಾರೆ. ಇದನ್ನು ಉಳ್ಳವರ ಶೋಕಿ ಎಂದು ಹಾಸ್ಯ ಮಾಡುವುದು ಸುಲಭ. ಆದರೆ ಈ ಓಡಾಟದ ಹಿಂದೆ ನಗರದ ದುಡಿಮೆಯ ಅವಧಿ, ಸಾರಿಗೆ ಮತ್ತು ಕುಟುಂಬದ ಸ್ವರೂಪದಲ್ಲಿ ಆಗಿರುವ ಬದಲಾವಣೆಗಳೆಲ್ಲ ಸೇರಿಕೊಂಡಿವೆ.

2020ರ ಮಾರ್ಚ್‌ನಲ್ಲಿ ಮಾಹಿತಿ ತಂತ್ರಜ್ಞಾನ ಕಂಪೆನಿಗಳ ನೌಕರರು ಮನೆಯಿಂದಲೇ ಕೆಲಸ ಆರಂಭಿಸಿದರು. ದಿನವಿಡೀ ಮನೆಯಲ್ಲಿರುವ ಅವಕಾಶ ಸಿಕ್ಕಾಗ ಹಲವರು ನಾಯಿ ಸಾಕಿದರು. ಒಂದಕ್ಕೆ ಜೊತೆಯಿರಲೆಂದು ಇನ್ನೊಂದನ್ನು ತಂದವರೂ, ಬೀದಿಯ ಮರಿಯನ್ನು ಒಳಗೆ ಬಿಟ್ಟುಕೊಂಡವರೂ ಉಂಟು. ಮುಂದೆ ಗಾಳಿ ತಿರುಗಿತು. 2023ರ ಅಕ್ಟೋಬರ್‌ನಲ್ಲಿ ಟಿಸಿಎಸ್ ವಾರದ ಐದು ದಿನವೂ ಕಚೇರಿಗೆ ಬರುವಂತೆ ನೌಕರರಿಗೆ ಸೂಚಿಸಿತು. ಬೇರೆ ಕಂಪೆನಿಗಳೂ ತಮ್ಮದೇ ರೀತಿಯಲ್ಲಿ ಹಾಜರಿಯನ್ನು ಬಿಗಿಗೊಳಿಸಿದವು. ಮನುಷ್ಯರು ಸದಾ ಜೊತೆಗಿರುತ್ತಾರೆ ಎಂಬ ರೂಢಿಯಲ್ಲಿ ಬೆಳೆದ ನಾಯಿ ಹತ್ತು ಗಂಟೆ ಒಂಟಿಯಾದಾಗ ಬೊಗಳುತ್ತದೆ, ಬಾಗಿಲು ಕೆರೆಯುತ್ತದೆ, ಊಟ ಬಿಡುತ್ತದೆ. ಅಪಾರ್ಟ್‌ಮೆಂಟಿನ ನೆರೆಯವರು ದೂರು ಕೊಡುತ್ತಾರೆ. ಸಾಕುನಾಯಿಗಳನ್ನು ನಿವಾಸಿಗಳ ಸಂಘಗಳು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳಿದೆಯಾದರೂ, ಗೋಡೆಯಾಚೆಯ ಜಗಳವನ್ನು ಮಾರ್ಗಸೂಚಿ ನಿಲ್ಲಿಸದು. ನಾಯಿಯನ್ನು ನೋಡಿಕೊಳ್ಳಬಹುದಾಗಿದ್ದ ಅಪ್ಪ ಅಮ್ಮ ಊರಿನಲ್ಲಿದ್ದಾರೆ. ಉಳಿದ ದಾರಿ ಡೇ ಕೇರ್ ಒಂದೇ.

ಇದರ ಲೆಕ್ಕವನ್ನು ನೋಡೋಣ. ಟಾಮ್‌ಟಾಮ್ ಸಂಸ್ಥೆಯ 2024ರ ಸಂಚಾರ ಸೂಚ್ಯಂಕದ ಪ್ರಕಾರ ಬೆಂಗಳೂರಿನಲ್ಲಿ 10 ಕಿ.ಮೀ. ಕ್ರಮಿಸಲು ಸರಾಸರಿ 34 ನಿಮಿಷ ಬೇಕು. ಡೇ ಕೇರ್ ಮನೆಯಿಂದ 6 ಕಿ.ಮೀ. ದೂರದಲ್ಲಿ, ಕಚೇರಿಯ ವಿರುದ್ಧ ದಿಕ್ಕಿನಲ್ಲಿ ಇದೆಯೆಂದು ಭಾವಿಸಿ. ಒಂದು ಸಲಕ್ಕೆ 20 ನಿಮಿಷ. ಬೆಳಿಗ್ಗೆ ಹೋಗಿ ಬರಲು 40, ಸಂಜೆ ಮತ್ತೆ 40. ಮೂರು ನಾಯಿಗಳಿಗೆ ಪಟ್ಟಿ ಹಾಕಿ ಹತ್ತಿಸಿ ಇಳಿಸಿ ಒಪ್ಪಿಸುವುದಕ್ಕೆ ಇನ್ನೊಂದು 20 ನಿಮಿಷ. ದಿನಕ್ಕೆ 100 ನಿಮಿಷದಂತೆ, ತಿಂಗಳಿಗೆ 22 ಕೆಲಸದ ದಿನಗಳಿಗೆ 36 ಗಂಟೆ ದಾಟುತ್ತದೆ. ಎಂಟು ಗಂಟೆಯ ಲೆಕ್ಕದಲ್ಲಿ ಇದು ನಾಲ್ಕೂವರೆ ದಿನಗಳ ದುಡಿಮೆ. ನಮ್ಮ ಮೆಟ್ರೊದಲ್ಲಿ ನಾಯಿಗೆ ಪ್ರವೇಶವಿಲ್ಲ. ಸಾಕುಪ್ರಾಣಿಯೊಂದಿಗೆ ಪ್ರಯಾಣಿಸುವವರಿಗಾಗಿ ಉಬರ್ 2024ರಲ್ಲಿ ಬೆಂಗಳೂರಿನಲ್ಲಿ ಪ್ರತ್ಯೇಕ ಸೇವೆ ಆರಂಭಿಸಿತಾದರೂ, ಮೂರು ನಾಯಿಗಳಿರುವ ಮನೆಯವರಿಗೆ ಸ್ವಂತ ಕಾರೇ ಗತಿ. ಹೀಗೆ ದಟ್ಟಣೆಯಿಂದ ನರಳುವವರೇ ದಟ್ಟಣೆಯನ್ನು ಹೆಚ್ಚಿಸುವವರೂ ಆಗುತ್ತಾರೆ.

ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1965ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಯಾವುದೇ ಸೌಕರ್ಯದ ನಿಜವಾದ ಬೆಲೆ ಎಂದರೆ ಕೊಟ್ಟ ಹಣ ಮತ್ತು ವ್ಯಯಿಸಿದ ಸಮಯ ಎರಡೂ ಸೇರಿದ ಮೊತ್ತ ಎಂದು ತೋರಿಸಿದ್ದರು. ಡೇ ಕೇರ್‌ನ ಶುಲ್ಕಪಟ್ಟಿಯಲ್ಲಿ ಮೇಲಿನ 36 ಗಂಟೆಗಳು ಕಾಣುವುದಿಲ್ಲ. ಆ ಗಂಟೆಗಳನ್ನು ಮನೆಯಲ್ಲಿ ಯಾರು ಕೊಡುತ್ತಾರೆ ಎಂಬುದೂ ಮುಖ್ಯ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು 2019ರಲ್ಲಿ ದಿನಕ್ಕೆ ಸರಾಸರಿ 299 ನಿಮಿಷ, ಪುರುಷರು 97 ನಿಮಿಷ ವ್ಯಯಿಸುತ್ತಿದ್ದರು. 2024ರಲ್ಲಿ ಈ ಅಂಕಿಗಳು ಕ್ರಮವಾಗಿ 289 ಮತ್ತು 88. ಸಾಕುಪ್ರಾಣಿಗಳ ಆರೈಕೆಯನ್ನೂ ಸಮೀಕ್ಷೆಯ ವರ್ಗೀಕರಣ ಇದೇ ಮನೆಗೆಲಸದ ಗುಂಪಿಗೆ ಸೇರಿಸುತ್ತದೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ನಾಯಿಯ ಜವಾಬ್ದಾರಿ ಯಾರ ಹೆಗಲಿಗೆ ಜಾರುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಒಬ್ಬಾತ ತನ್ನ ಮನೆಗೆಲಸದಾಕೆಯನ್ನೇ ಮದುವೆಯಾದರೆ ರಾಷ್ಟ್ರೀಯ ಆದಾಯ ಕುಸಿಯುತ್ತದೆ ಎಂಬ ಪಿಗೂ ಅವರ ಉದಾಹರಣೆ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಕೆಲಸ ಅದೇ, ಆದರೆ ಸಂಬಳ ನಿಂತುಹೋದ್ದರಿಂದ ಲೆಕ್ಕದಿಂದ ಹೊರಗೆ. ಇಲ್ಲಿ ನಡೆಯುತ್ತಿರುವುದು ಅದರ ತಿರುವುಮುರುವು. ಯಜಮಾನನೇ ನಾಯಿಯನ್ನು ಸುತ್ತಾಡಿಸಿದರೆ ಅದು ಆದಾಯವಲ್ಲ. ಡೇ ಕೇರ್‌ನ ಹುಡುಗ ಸುತ್ತಾಡಿಸಿದರೆ ಸೇವಾ ವಲಯದ ಬೆಳವಣಿಗೆ. ಈ ಬೆಳವಣಿಗೆಯನ್ನು ಕಂಡು ಹಿಗ್ಗುವ ಮೊದಲು, ಮನೆಯ ಸಮಯ ಎಲ್ಲಿಗೆ ಹೋಯಿತು ಎಂದು ಕೇಳಬೇಕು. ವಾರಕ್ಕೆ 70 ಗಂಟೆ ದುಡಿಯಬೇಕೆಂದು ಎನ್.ಆರ್. ನಾರಾಯಣಮೂರ್ತಿ ಅವರು 2023ರಲ್ಲಿ ಹೇಳಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥರ ಬಾಯಲ್ಲಿ ಅದು 90 ಗಂಟೆಯಾಯಿತು. 2024ರ ಜುಲೈನಲ್ಲಿ ಐ.ಟಿ. ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾವ ಕರ್ನಾಟಕದಲ್ಲಿ ಬಂದಾಗ ನೌಕರರ ಸಂಘ ಪ್ರತಿಭಟಿಸಿತು. ಇಂತಹ ಸಲಹೆಗಳನ್ನು ಕೊಡುವವರು ಮನೆಯ ಆರೈಕೆ ತಾನಾಗಿಯೇ ನಡೆದುಹೋಗುತ್ತದೆ ಎಂದು ಭಾವಿಸಿದಂತಿದೆ. ಅದು ತಾನಾಗಿ ನಡೆಯುವುದಿಲ್ಲ. ಮಗುವಿರಲಿ, ಮುದುಕರಿರಲಿ, ನಾಯಿಯಿರಲಿ, ಯಾರಾದರೂ ಸಮಯ ಕೊಡಲೇಬೇಕು.

ಹಾಗೆ ಸಮಯ ಕೊಡುವ ಹೊಣೆ ಹೊತ್ತ ಡೇ ಕೇರ್‌ಗಳ ಸ್ಥಿತಿ ಹೇಗಿದೆ? ವಿಶಾಲ ಅಂಗಳ, ತರಬೇತಿ ಪಡೆದ ಸಿಬ್ಬಂದಿ ಇರುವವುಗಳಿವೆ. ಬಾಡಿಗೆ ಮನೆಯ ನೆಲಮಹಡಿಯಲ್ಲಿ ಜಾಗಕ್ಕೆ ಮೀರಿ ನಾಯಿಗಳನ್ನು ತುಂಬಿಕೊಂಡವೂ ಇವೆ. ನಾಯಿ ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಮಲಗುವ, ವಿಶ್ರಮಿಸುವ ಪ್ರಾಣಿ. ಗದ್ದಲದ ಗುಂಪಿನಲ್ಲಿ ಅದಕ್ಕೆ ನೆಮ್ಮದಿಯಿಲ್ಲ. ಪಾರ್ವೊ ವೈರಸ್ ಮಲದ ಮೂಲಕ, ಕೆನಲ್ ಕೆಮ್ಮು ಉಸಿರಿನ ಮೂಲಕ ಇಂತಹ ಕಡೆ ಬೇಗ ಹರಡುತ್ತವೆ. ಕೇಂದ್ರ ಸರ್ಕಾರ 2017ರಲ್ಲಿ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ಬಗೆಗೆ, 2018ರಲ್ಲಿ ಸಾಕುಪ್ರಾಣಿ ಅಂಗಡಿಗಳ ಬಗೆಗೆ ನಿಯಮ ರೂಪಿಸಿದೆ. ಎರಡೂ ಮಾರಾಟದ ಸುತ್ತ ಇರುವಂಥವು. ಬೇರೆಯವರ ನಾಯಿಯನ್ನು ಹಗಲು ನೋಡಿಕೊಳ್ಳುವ ವ್ಯವಹಾರ ಅವುಗಳ ವಿಷಯವಲ್ಲ. ಇಂಗ್ಲೆಂಡ್‌ನಲ್ಲಿ 2018ರ ನಿಯಮಗಳ ಪ್ರಕಾರ ನಾಯಿಗಳ ಡೇ ಕೇರ್‌ಗೆ ಸ್ಥಳೀಯ ಆಡಳಿತದ ಪರವಾನಗಿ ಬೇಕು. ತಪಾಸಣೆಯ ನಂತರ ಒಂದರಿಂದ ಐದರವರೆಗೆ ನಕ್ಷತ್ರಗಳ ದರ್ಜೆ ಸಿಗುತ್ತದೆ. ಹತ್ತು ನಾಯಿಗಳಿಗೆ ಕನಿಷ್ಠ ಒಬ್ಬ ಸಿಬ್ಬಂದಿ ಇರಬೇಕೆಂದು ಅಲ್ಲಿನ ಮಾರ್ಗದರ್ಶಿ ಹೇಳುತ್ತದೆ.

ಅಪಾಯ ನಾಯಿಗಷ್ಟೇ ಅಲ್ಲ. ಅದನ್ನು ನೋಡಿಕೊಳ್ಳುವ ಯುವಕ ಯುವತಿಯರಿಗೆ ಕಚ್ಚಿಸಿಕೊಳ್ಳುವುದು ವೃತ್ತಿಯ ಭಾಗ. ಇಂತಹ ಕೆಲಸದವರು ಮುಂಚಿತವಾಗಿಯೇ ರೇಬೀಸ್ ಲಸಿಕೆ ಪಡೆಯಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಘಟಕಗಳಿಗೆ ಸಾಮಾನ್ಯವಾಗಿ ಇಎಸ್ಐ ಕಡ್ಡಾಯವಲ್ಲದ ಕಾರಣ ಸಣ್ಣ ಡೇ ಕೇರ್‌ಗಳ ಹುಡುಗರು ವಿಮೆಯ ರಕ್ಷಣೆಯಿಂದಲೂ ಹೊರಗುಳಿಯುತ್ತಾರೆ. ಒಬ್ಬರ ಸಮಯದ ಅಭಾವವನ್ನು ಇನ್ನೊಬ್ಬರ ಅಗ್ಗದ ದುಡಿಮೆಯಿಂದ ತುಂಬುವುದು ನ್ಯಾಯವೆನಿಸದು.

ಕೂಲಿಕಾರರ ಮಕ್ಕಳಿಗೇ ನೆಲೆಯಿಲ್ಲದ ಊರಿನಲ್ಲಿ ನಾಯಿಗಳ ಡೇ ಕೇರ್ ಬಗ್ಗೆ ಬರೆಯುವುದೇ ಎಂದು ಓದುಗರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವೆಂದಿತು. ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವ ಯೋಜನೆಯನ್ನು ರಾಜ್ಯ ಸರ್ಕಾರ 2023-24ರ ಬಜೆಟ್‌ನಲ್ಲಿ ಘೋಷಿಸಿತು. ಸರ್ಕಾರದ ಹಣ ಮೊದಲು ಸಲ್ಲಬೇಕಾದುದು ಮಕ್ಕಳಿಗೇ. ನಾಯಿಗಳ ಡೇ ಕೇರ್‌ಗೆ ಬೊಕ್ಕಸದ ಒಂದು ರೂಪಾಯಿಯೂ ಬೇಡ. ಬೇಕಿರುವುದು ನಿಯಮ ಮಾತ್ರ. ಅದರ ಖರ್ಚನ್ನು ಪರವಾನಗಿ ಶುಲ್ಕವೇ ಭರಿಸಬಲ್ಲದು.

ನಿಯಮ ಹೇಗಿರಬಾರದು ಎಂಬುದಕ್ಕೆ ಬಿಬಿಎಂಪಿಯ 2018ರ ಪ್ರಯತ್ನ ಪಾಠವಾಗಬೇಕು. ಫ್ಲಾಟ್‌ಗೆ ಒಂದು, ಸ್ವತಂತ್ರ ಮನೆಗೆ ಮೂರು ನಾಯಿ ಎಂದು ಮಿತಿ ಹಾಕಹೊರಟ ಪಾಲಿಕೆ, ಪ್ರತಿಭಟನೆ ಎದ್ದೊಡನೆ ಹಿಂದೆ ಸರಿಯಿತು. ಮನೆಯೊಳಗೆ ತಲೆಯೆಣಿಸಲು ಹೋದರೆ ಜನ ಮುಚ್ಚಿಡುತ್ತಾರೆ, ನೋಂದಣಿಯೇ ಮೂಲೆ ಸೇರುತ್ತದೆ. ಹಣ ಪಡೆದು ಸೇವೆ ಕೊಡುವ ಜಾಗವನ್ನು ನಿಯಂತ್ರಿಸುವುದು ಸುಲಭ, ಫಲಕಾರಿ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಅಸ್ತಿತ್ವಕ್ಕೆ ಬಂದ ಐದು ನಗರ ಪಾಲಿಕೆಗಳು ಏಕರೂಪದ ಉಪನಿಯಮವೊಂದನ್ನು ತರಲಿ. ಜಾಗಕ್ಕೆ ತಕ್ಕ ನಾಯಿಗಳ ಸಂಖ್ಯೆ, ಸಿಬ್ಬಂದಿಯ ಪ್ರಮಾಣ, ಲಸಿಕೆ ದಾಖಲೆ, ಪಶುವೈದ್ಯರೊಡನೆ ಒಪ್ಪಂದ, ಕೆಲಸಗಾರರಿಗೆ ಲಸಿಕೆ ಮತ್ತು ವಿಮೆ ಇಷ್ಟು ಸಾಕು. ಪರವಾನಗಿ ಎಂದರೆ ಲಂಚಕ್ಕೆ ಮತ್ತೊಂದು ಕಿಟಕಿ ಎಂಬ ಅನುಮಾನ ಆಧಾರವಿಲ್ಲದ್ದಲ್ಲ. ಆಡಳಿತದಲ್ಲಿ ದಶಕಗಳನ್ನು ಕಳೆದ ನಾನು ಅದನ್ನು ಬಲ್ಲೆ. ಆದ್ದರಿಂದ ಪರವಾನಗಿಯನ್ನು ಸಕಾಲ ಕಾಯ್ದೆಯ ಕಾಲಮಿತಿಗೆ ಒಳಪಡಿಸಬೇಕು, ತಪಾಸಣೆಯ ವರದಿಯನ್ನು ಡೇ ಕೇರ್‌ನ ಬಾಗಿಲಿಗೇ ಅಂಟಿಸಬೇಕು.

ಕಂಪೆನಿಗಳು ಮಾಡಬಹುದಾದದ್ದೂ ಇದೆ. ಕಚೇರಿಗೆ ಬರಬೇಕಾದ ದಿನಗಳನ್ನು ಮೊದಲೇ ನಿಗದಿಪಡಿಸಿದರೆ, ಸಂಜೆ ಏಳರ ನಂತರದ ಸಭೆಗಳನ್ನು ಕೈಬಿಟ್ಟರೆ ಅದರ ಲಾಭ ನಾಯಿ ಸಾಕಿದವರಿಗಷ್ಟೇ ಅಲ್ಲ, ಮಕ್ಕಳು ಮತ್ತು ವೃದ್ಧರಿರುವ ಮನೆಗಳಿಗೂ ದೊರೆಯುತ್ತದೆ.

ಕೊನೆಯ ಹೊಣೆ ಸಾಕುವವರದು. ಎಷ್ಟು ನಾಯಿ ಸಾಕಬೇಕೆಂಬುದನ್ನು ಮನೆಯ ಚದರಡಿಯಾಗಲೀ ಸಂಬಳದ ಚೀಟಿಯಾಗಲೀ ನಿರ್ಧರಿಸಲಾಗದು. ದಿನದಲ್ಲಿ ತನ್ನ ಕೈಯಲ್ಲಿ ಉಳಿಯುವ ಗಂಟೆಗಳೆಷ್ಟು, ಮುಂದಿನ ಹನ್ನೆರಡು ವರ್ಷ ಅವನ್ನು ಕೊಡಬಲ್ಲೆನೇ ಎಂದು ಕೇಳಿಕೊಂಡೇ ಮರಿಯನ್ನು ಮನೆಗೆ ತರಬೇಕು. ಸಮಯ ಸಾಲದೆಂದು ಬಿಟ್ಟುಬಿಟ್ಟ ಸಾಕುನಾಯಿಯೇ ನಾಳೆಯ ಬೀದಿನಾಯಿ. ಆಗ ಅದರ ವೆಚ್ಚ ಸಾಕಿದವರ ಕಿಸೆಯಿಂದ ಊರಿನ ಲೆಕ್ಕಕ್ಕೆ ವರ್ಗವಾಗುತ್ತದೆ.