ಬಿಗಿದಾಗ ತೆರೆಯುವ ಬಾಗಿಲು

ಉಪ್ಪುನೀರಿನಲ್ಲಿ ಬೆಳೆದ ಇ. ಕೋಲಿ ಬ್ಯಾಕ್ಟೀರಿಯಾವನ್ನು ತಟ್ಟನೆ ಸಿಹಿನೀರಿಗೆ ಹಾಕಿದರೆ ನೀರು ಒಳಗೆ ನುಗ್ಗುತ್ತದೆ. ಜೀವಕೋಶ ಊದಿಕೊಳ್ಳುತ್ತದೆ, ಪೊರೆ ಬಿಗಿಯುತ್ತದೆ. ಇನ್ನೇನು ಒಡೆಯಬೇಕು, ಆದರೆ ಒಡೆಯುವುದಿಲ್ಲ. ಪೊರೆಯಲ್ಲಿ ಹುದುಗಿದ ಪ್ರೋಟೀನ್ ಬಾಗಿಲುಗಳು ಆ ಬಿಗಿತಕ್ಕೇ ತೆರೆದುಕೊಂಡು ಒಳಗಿನ ಲವಣಗಳನ್ನೂ ಸಣ್ಣ ಅಣುಗಳನ್ನೂ ಹೊರಚೆಲ್ಲುತ್ತವೆ. ಕುಕ್ಕರಿನ ಸೇಫ್ಟಿ ವಾಲ್ವ್ ಮಾಡುವುದೂ ಇದನ್ನೇ.

ಈ ಬಾಗಿಲುಗಳಿಗೆ ಬಲಸಂವೇದಿ ಅಯಾನ್ ಚಾನೆಲ್‌ಗಳೆಂದು ಹೆಸರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಬೋರಿಸ್ ಮಾರ್ಟಿನಾಕ್, ಚಿಂಗ್ ಕುಂಗ್ ಮತ್ತು ಸಂಗಡಿಗರು 1987ರಲ್ಲಿ ಇವನ್ನು ಬ್ಯಾಕ್ಟೀರಿಯಾದಲ್ಲಿ ಗುರುತಿಸಿದರು. ಚಾನೆಲ್‌ಗಳ ವಿದ್ಯುತ್ತನ್ನು ಅಳೆಯುವ ಗಾಜಿನ ಸೂಕ್ಷ್ಮ ನಳಿಕೆ ಅಂಟಿಸಲು ಬ್ಯಾಕ್ಟೀರಿಯಾ ತೀರಾ ಚಿಕ್ಕದು. ಅದಕ್ಕೆ ಆಂಟಿಬಯಾಟಿಕ್ ಕೊಟ್ಟು, ವಿಭಜನೆ ತಡೆದು, ಉದ್ದ ಬೆಳೆಸಿ, ಹೊರಗೋಡೆ ಕಳಚಿ ದೊಡ್ಡ ಗುಂಡು ಮಾಡಿಕೊಂಡರು. ಪ್ರಯೋಗದ ಫಲಿತಾಂಶಕ್ಕಿಂತ ಈ ಉಪಾಯವೇ ಹೆಚ್ಚು ಮೆಚ್ಚುವಂಥದ್ದು!

ಇಂಥ ಎರಡು ಮುಖ್ಯ ಚಾನೆಲ್‌ಗಳಲ್ಲಿ ದೊಡ್ಡದು ಎಂಎಸ್‌ಸಿಎಲ್. ಪೂರ್ತಿ ತೆರೆದಾಗ ಅದರ ರಂಧ್ರ ಸುಮಾರು 3 ನ್ಯಾನೊಮೀಟರ್. ಚಿಕ್ಕದು ಎಂಎಸ್‌ಸಿಎಸ್. ಒಂದನ್ನು ತೆಗೆದರೂ ಬ್ಯಾಕ್ಟೀರಿಯಾ ಬದುಕುತ್ತದೆ, ಎರಡನ್ನೂ ತೆಗೆದರೆ ಸಿಹಿನೀರಿನ ಆಘಾತಕ್ಕೆ ಸಾಯುತ್ತದೆ.

ಎಂಎಸ್‌ಸಿಎಸ್‌ನ ಸಂತತಿ ಸಸ್ಯಗಳಲ್ಲೂ ಇದೆ. ಒಣಗಿದ ಪರಾಗದ ಕಣ ಶಲಾಕಾಗ್ರಕ್ಕೆ ಬಿದ್ದೊಡನೆ ನೀರು ಹೀರುತ್ತದೆ. ಆಗ ಅದು ಸಿಡಿಯದಂತೆ ಕಾಯುವುದು ಇದೇ ಮನೆತನದ ಎಂಎಸ್‌ಎಲ್8. ಬ್ಯಾಕ್ಟೀರಿಯಾದ ಹಳೆಯ ಕಸುಬನ್ನು ಹೂವು ಬಿಟ್ಟಿಲ್ಲ.

ಪ್ರಾಣಿಗಳ ಕಥೆ ಬೇರೆ. ಎಂಎಸ್‌ಸಿಎಲ್, ಎಂಎಸ್‌ಸಿಎಸ್ ಎರಡೂ ಮನೆತನ ನಮ್ಮಲ್ಲಿಲ್ಲ. ಬಲವನ್ನು ಅರಿಯುವ ವಿದ್ಯೆಯನ್ನು ಜೀವವಿಕಾಸ ಬೇರೆ ಬೇರೆ ಪ್ರೋಟೀನ್‌ಗಳಿಂದ ಹಲವು ಸಲ ಕಟ್ಟಿದೆ. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಸ್ಥೆಯಲ್ಲಿ ಬೆರ್ಟ್ರಾಂಡ್ ಕೋಸ್ಟ್ ಮತ್ತು ಆರ್ಡೆಮ್ ಪಟಪೂಟಿಯನ್ ಅನುಮಾನವಿದ್ದ ಜೀನ್‌ಗಳನ್ನು ಒಂದೊಂದಾಗಿ ಮೌನಗೊಳಿಸಿ ಕೋಶವನ್ನು ಚುಚ್ಚುತ್ತ ಹೋದರು. 72ನೆಯದಕ್ಕೆ ಕೋಶ ಸ್ಪಂದಿಸುವುದನ್ನೇ ನಿಲ್ಲಿಸಿತು. 2010ರಲ್ಲಿ ಪ್ರಕಟವಾದ ಆ ಜೀನೇ ಪೀಜೋ-1. ಪಟಪೂಟಿಯನ್ 2021ರ ನೊಬೆಲ್ ಹಂಚಿಕೊಂಡರು.

ಅದರ ಒಡಹುಟ್ಟು ಪೀಜೋ-2 ಸ್ಪರ್ಶವನ್ನೂ ಅಂಗಗಳ ಇರುವನ್ನೂ ತಿಳಿಸುತ್ತದೆ. ಅದು ಹುಟ್ಟಿನಿಂದಲೇ ಇಲ್ಲದವರು ಕಣ್ಣು ಮುಚ್ಚಿದರೆ ತಮ್ಮ ಕೈ ಎಲ್ಲಿದೆಯೆಂದು ಹೇಳಲಾರರು. ಮೂತ್ರಕೋಶ ತುಂಬಿದ್ದು ಗೊತ್ತಾಗುವುದಕ್ಕೂ ಇದು ಬೇಕು.

ಪೀಜೋ-1 ಕೆಂಪು ರಕ್ತಕಣಗಳ ಗಾತ್ರವನ್ನು ನೋಡಿಕೊಳ್ಳುತ್ತದೆ. ಅದು ಅತಿಯಾಗಿ ದುಡಿದರೆ ಕಣ ನೀರು ಕಳೆದುಕೊಂಡು ಸೊರಗುತ್ತದೆ. ಇದು ಬರೀ ಕೇಡಲ್ಲ. ಪೀಜೋ-1 ಹೀಗೆ ಅತಿಯಾಗಿ ದುಡಿಯುವಂತೆ ಜೀನ್ ಮಾರ್ಪಾಡು ಮಾಡಿದ ಇಲಿಗಳು ಮಿದುಳಿನ ಮಲೇರಿಯಾದಿಂದ ಪಾರಾದವೆಂದು 2018ರ ಅಧ್ಯಯನವೊಂದು ತೋರಿಸಿತು. ಅದೇ ಬಗೆಯ ಸೌಮ್ಯ ಮಾರ್ಪಾಡು ಆಫ್ರಿಕಾ ಮೂಲದವರಲ್ಲಿ ಸುಮಾರು ಮೂರನೇ ಒಂದು ಭಾಗದ ಜನರಲ್ಲಿದೆ.